ದಂಡವಿಲ್ಲದ ಮಾತಿಗೆ ಬಲವಿದೆಯೇ?

 

2015ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಜೋಗ್ಯೆಸಾ ಎಂಬ ಬೌದ್ಧ ವಿಹಾರಕ್ಕೆ ಒಬ್ಬ ಕಾರ್ಮಿಕ ನಾಯಕರು ಆಶ್ರಯ ಕೇಳಿ ಬಂದರು. ಅವರು ಹಾನ್ ಸಾಂಗ್-ಗ್ಯೂನ್, ಅಲ್ಲಿನ ದೊಡ್ಡ ಕಾರ್ಮಿಕ ಒಕ್ಕೂಟವೊಂದರ ಅಧ್ಯಕ್ಷರು. ನವೆಂಬರ್ 14ರಂದು ಸರ್ಕಾರದ ಕಾರ್ಮಿಕ ನೀತಿಯ ವಿರುದ್ಧ ಭಾರಿ ಪ್ರತಿಭಟನೆ ನಡೆದಿತ್ತು. ಪೊಲೀಸರ ಜಲಫಿರಂಗಿಯ ಹೊಡೆತಕ್ಕೆ ಬಿದ್ದ ಬೇಕ್ ನಾಮ್-ಗಿ ಎಂಬ ರೈತ ಮರುವರ್ಷ ತೀರಿಕೊಂಡರು. ಪೊಲೀಸರಲ್ಲೂ ಹಲವರಿಗೆ ಗಾಯಗಳಾಗಿದ್ದವು. ಹೊಣೆಯನ್ನು ಹಾನ್ ಅವರ ಮೇಲೆ ಹೊರಿಸಲಾಯಿತು.

ಭಿಕ್ಖುಗಳು ಅವರನ್ನು ತಕ್ಷಣ ಹೊರಗೆ ಕಳಿಸಲಿಲ್ಲ. ಎರಡೂ ಕಡೆಯವರ ನಡುವೆ ಮಾತುಕತೆಗೆ ಯತ್ನಿಸಿದರು. ವಿಹಾರದ ಕೆಲವು ಉಪಾಸಕರು ಮಾತ್ರ, ಈ ಗಲಾಟೆ ನಮಗೇಕೆ, ಇವರು ಹೊರಡಲಿ ಎಂದು ಪಟ್ಟುಹಿಡಿದರು. ಕೊನೆಗೆ ಡಿಸೆಂಬರ್ 10ರಂದು, ಅಂದರೆ ಮಾನವ ಹಕ್ಕುಗಳ ದಿನದಂದೇ, ಹಾನ್ ತಾವಾಗಿಯೇ ಹೊರಬಂದು ಬಂಧನಕ್ಕೊಳಗಾದರು. ಮೊದಲು 5 ವರ್ಷ, ಮೇಲ್ಮನವಿಯಲ್ಲಿ 3 ವರ್ಷ ಶಿಕ್ಷೆಯಾಯಿತು. 2018ರ ಮೇ ತಿಂಗಳಲ್ಲಿ ಪೆರೋಲ್ ಮೇಲೆ ಬಿಡುಗಡೆಯಾದರು.

ಇಂಥವರ ದೂರು ಕೇಳಲು ಜಿನೀವಾದಲ್ಲಿ ಒಂದು ಸಮಿತಿ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1951ರಲ್ಲಿ ಸ್ಥಾಪಿಸಿದ ಸಂಘಟನಾ ಸ್ವಾತಂತ್ರ್ಯ ಸಮಿತಿ ಅದು. ಸರ್ಕಾರ, ಮಾಲೀಕರು, ಕಾರ್ಮಿಕರು ಈ ಮೂರೂ ಕಡೆಯವರು ಅದರಲ್ಲಿದ್ದಾರೆ. ಒಂದು ದೇಶ ಒಪ್ಪಂದಕ್ಕೆ ಸಹಿ ಹಾಕಿರದಿದ್ದರೂ, ಅದು ಸಂಸ್ಥೆಯ ಸದಸ್ಯ ದೇಶವಾಗಿದ್ದರೆ ಸಾಕು, ಅದರ ಮೇಲಿನ ದೂರನ್ನು ಸಮಿತಿ ಕೇಳುತ್ತದೆ. ಕೊರಿಯಾದ ಮೇಲಿನ 1865ನೇ ಸಂಖ್ಯೆಯ ದೂರು ದಾಖಲಾದದ್ದು 1995ರಲ್ಲಿ. ಇಪ್ಪತ್ತು ವರ್ಷ ಕಳೆದ ಮೇಲೂ ಆ ಕಡತ ಮುಚ್ಚಿರಲಿಲ್ಲ. ಹಾನ್ ಅವರ ಬಂಧನವೂ ಅದಕ್ಕೇ ಸೇರಿತು.

ಆದರೆ ಈ ಸಮಿತಿಗೆ ಪೊಲೀಸರಿಲ್ಲ, ಜೈಲಿನ ಬೀಗದ ಕೈ ಇಲ್ಲ. ಅದು ಪ್ರಶ್ನೆ ಕೇಳುತ್ತದೆ, ಉತ್ತರ ಬರೆಸಿಕೊಳ್ಳುತ್ತದೆ, ವರದಿ ಪ್ರಕಟಿಸುತ್ತದೆ, ಮತ್ತೆ ಕೇಳುತ್ತದೆ. ಹಾಗಾದರೆ ಒಳಗಿರುವ ಮನುಷ್ಯನಿಗೆ ಇದರಿಂದ ಏನು ಸಿಕ್ಕಿತು? ಇದು ನ್ಯಾಯವಾದ ಪ್ರಶ್ನೆ.

ಭಗವಾನರು ಲೋಕವನ್ನು ಕಾಯುವ ಎರಡು ಗುಣಗಳನ್ನು ಹೇಳಿದ್ದಾರೆ. ಹಿರಿ ಎಂದರೆ ಕೆಟ್ಟದ್ದನ್ನು ಮಾಡಲು ಒಳಗಿನಿಂದ ಬರುವ ನಾಚಿಕೆ. ಒತ್ತಪ್ಪ ಎಂದರೆ ಮಾಡಿದ್ದರ ಫಲಕ್ಕೂ ಬಲ್ಲವರ ನಿಂದೆಗೂ ಅಂಜುವುದು. ಮನುಷ್ಯನಿಗೆ ಎರಡೂ ಇರಬಹುದು. ಸರ್ಕಾರಕ್ಕೆ ಹಿರಿ ಎಲ್ಲಿಂದ ಬರಬೇಕು? ಅದಕ್ಕೆ ಹೃದಯವಿಲ್ಲ, ಕಡತಗಳಿವೆ. ಅದನ್ನು ತಡೆಯಬಲ್ಲದ್ದು ಒತ್ತಪ್ಪ ಒಂದೇ, ಅಂದರೆ ನಾಲ್ಕು ಜನ ನೋಡುತ್ತಿದ್ದಾರೆ ಎಂಬ ಅರಿವು. ಜಿನೀವಾದ ಸಮಿತಿ ಮಾಡುವ ಕೆಲಸ ಇದೇ.

ಭಿಕ್ಖು ಸಂಘಕ್ಕೂ ದೊಣ್ಣೆ ಇರಲಿಲ್ಲ. ಹಠಮಾರಿ ಛನ್ನನಿಗೆ ವಿಧಿಸಿದ ಬ್ರಹ್ಮದಂಡವೆಂದರೆ, ಯಾರೂ ಅವನೊಡನೆ ಮಾತಾಡಬಾರದು, ಬುದ್ಧಿ ಹೇಳಬಾರದು ಎಂಬುದಷ್ಟೇ. ಅದನ್ನು ಕೇಳಿ ಛನ್ನ ಕುಸಿದುಹೋದ, ಬಳಿಕ ಬದಲಾದ. ಸಂಘದ ಮಾತು ಅವನಿಗೆ ಬೇಕಾಗಿತ್ತು, ಅದಕ್ಕೇ ಆ ದಂಡ ನಾಟಿತು. ಯಾರ ಮಾತೂ ಬೇಡದವನಿಗೆ ಅದು ನಾಟುತ್ತಿರಲಿಲ್ಲ. ದಂಡವಿಲ್ಲದ ಮಾತಿನ ಬಲವೂ ಮಿತಿಯೂ ಇಲ್ಲೇ ಕಾಣುತ್ತವೆ.

ಕೊರಿಯಾದಲ್ಲೂ ಹಾಗೆಯೇ ಆಯಿತು. ಹಾನ್ ಅವರ ಬಿಡುಗಡೆಗೆ ಮುನ್ನ ಲಕ್ಷಾಂತರ ಜನ ಮೇಣದಬತ್ತಿ ಹಿಡಿದು ಬೀದಿಗಿಳಿದಿದ್ದರು, 2017ರಲ್ಲಿ ಸರ್ಕಾರವೇ ಬದಲಾಗಿತ್ತು. ಜಿನೀವಾದ ಕಾಗದವೊಂದೇ ಬಾಗಿಲು ತೆಗೆಸಲಿಲ್ಲ. ಆದರೆ ಆ ಕಾಗದವೂ ವ್ಯರ್ಥವಾಗಲಿಲ್ಲ. 2021ರಲ್ಲಿ ಕೊರಿಯಾ ಸಂಘಟನಾ ಸ್ವಾತಂತ್ರ್ಯದ 87 ಮತ್ತು 98ನೇ ಒಪ್ಪಂದಗಳನ್ನು ಅನುಮೋದಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಒಕ್ಕೂಟದ ಇನ್ನೊಬ್ಬ ಅಧ್ಯಕ್ಷರನ್ನು ಪೊಲೀಸರು ಬಂಧಿಸಿದರು ಎಂಬುದೂ ನಿಜ. ಸಹಿ ಬಿದ್ದ ಮಾತ್ರಕ್ಕೆ ಕಾವಲು ಮುಗಿಯುವುದಿಲ್ಲ.

ಇದು ದೂರದೇಶದ ಕಥೆಯಷ್ಟೇ ಅಲ್ಲ. ಭಾರತ 1919ರಿಂದಲೂ ಆ ಸಂಸ್ಥೆಯ ಸದಸ್ಯ. ಆದರೂ ಈ ಎರಡು ಒಪ್ಪಂದಗಳನ್ನು ಇನ್ನೂ ಅನುಮೋದಿಸಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಗೆ ಕೈಗಾರಿಕಾ ವಿವಾದ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು, ಮುಷ್ಕರವನ್ನು ಅಪರಾಧವೆನ್ನುವುದು ಕಾರ್ಮಿಕನನ್ನು ಗುಲಾಮನಾಗಿಸಿದಂತೆ ಎಂದು ವಾದಿಸಿದರು. ಆ ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಮುಷ್ಕರಕ್ಕೂ ಇಳಿಯಿತು. 1943ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ, ಕಾರ್ಮಿಕ ಸಂಘಗಳಿಗೆ ಮಾಲೀಕರು ಮಾನ್ಯತೆ ಕೊಡಲೇಬೇಕೆಂಬ ಮಸೂದೆ ತಂದರು. ಸಂಘವೆಂಬುದು ಯಾರೋ ದಯೆಯಿಂದ ಕೊಡುವ ಭಿಕ್ಷೆಯಲ್ಲ ಎಂದು ಅವರು ತಿಳಿದಿದ್ದರು.

ನಾವು ದಿನವೂ ಸಂಘಂ ಶರಣಂ ಎನ್ನುತ್ತೇವೆ. ಪೌರಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ತೋಟದ ಆಳುಗಳು ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡರೆ ಅಥವಾ ಠಾಣೆ ಸೇರಿದರೆ, ನಾವು ಆ ಉಪಾಸಕರಂತೆ ಬಾಗಿಲ ಕಡೆ ಕೈ ತೋರಿಸುತ್ತೇವೆಯೋ, ಭಿಕ್ಖುಗಳಂತೆ ನಡುವೆ ನಿಲ್ಲುತ್ತೇವೆಯೋ? ಸರ್ಕಾರಕ್ಕೆ ಒತ್ತಪ್ಪ ಹುಟ್ಟಬೇಕಾದರೆ ನೋಡುವ ಕಣ್ಣುಗಳು ಬೇಕು. ಅವು ಜಿನೀವಾದಲ್ಲಿ ಮಾತ್ರ ಇದ್ದರೆ ಸಾಲದು, ನಮ್ಮ ಬೀದಿಯಲ್ಲೂ ಇರಬೇಕು.

ಇಂದಿನ ಧ್ಯಾನದಲ್ಲಿ ಜೈಲಿನಲ್ಲಿರುವ ಎಲ್ಲ ದುಡಿಯುವವರ ನಾಯಕರಿಗೆ ಮೈತ್ರಿ ಹರಿಸೋಣ. ಧ್ಯಾನದಿಂದ ಎದ್ದ ಮೇಲೆ, ನಮ್ಮೂರಿನ ಒಂದು ಕಾರ್ಮಿಕ ಸಂಘದ ಕಷ್ಟವನ್ನು ಕೇಳಿ ತಿಳಿಯೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.