ಹವ್ಯಾಸಿಯ ಚೀಲವೂ ಅದತ್ತಾದಾನವೂ

ದಿಗಂಬರ ಮುನಿಗಳ ಬಳಿ ಇರುವ ಉಪಕರಣಗಳು ಮೂರೇ: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಶ್ರಾವಕರಾದ ನಮಗೆ ಆ ಮಿತಿಯಿಲ್ಲ. ನಿವೃತ್ತಿಯ ಬಳಿಕ ಮರ ಕಡೆಯುವ ಹವ್ಯಾಸಕ್ಕೆ ಬಿದ್ದ ನಾನು, ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವ ಸಣ್ಣ ಕಾರ್ಖಾನೆಗಳನ್ನು ನೋಡಲು ಹೋಗುವಾಗ ಹೆಗಲಿಗೇರಿಸುತ್ತಿದ್ದ ಚೀಲವನ್ನು ಒಂದು ಸಂಜೆ ಬಿಚ್ಚಿ ಎಣಿಸಿದೆ. ಇಪ್ಪತ್ತಮೂರು ವಸ್ತುಗಳಿದ್ದವು. ಐದು ಉಳಿಗಳು, ಎರಡು ಅರಗಳು, ಸಾಣೆಕಲ್ಲು, ಎಣ್ಣೆಯ ಡಬ್ಬಿ, ನಾಲ್ಕು ಬಗೆಯ ಮರಳು ಕಾಗದ, ಕೈವಾರ, ಅಳತೆಪಟ್ಟಿ, ಉಕ್ಕಿನ ಕ್ಯಾಲಿಪರ್, ಕಣ್ಣಿಗೆ ರಕ್ಷಣೆಯ ಕನ್ನಡಕ, ಮೂಗು ಬಾಯಿ ಮುಚ್ಚುವ ಗವಸು, ಹತ್ತಿ ಬಟ್ಟೆ, ಟಾರ್ಚು, ನೋಟುಪುಸ್ತಕ, ಪೆನ್ಸಿಲು ಇತ್ಯಾದಿ. ಇಷ್ಟೆಲ್ಲ ಏಕೆ ಎಂದು ನನ್ನನ್ನೇ ಕೇಳಿಕೊಂಡೆ. ಆ ಕಾರ್ಖಾನೆಗಳಲ್ಲಿ ಉಳಿಗೇನೂ ಕೊರತೆಯಿಲ್ಲ. ಅವರವರ ಉಳಿಯನ್ನು ಅವರವರೇ ತಮ್ಮ ಕೈಗೆ ಹೊಂದುವಂತೆ ಮಸೆದುಕೊಂಡಿರುತ್ತಾರೆ. ನಾನು ಉಳಿ ಹೊತ್ತದ್ದು, ಬೊಂಬೆ ಕೊಳ್ಳಲು ಬಂದ ಪ್ರವಾಸಿ ನಾನಲ್ಲ, ಕಸುಬು ಬಲ್ಲವನು ಎಂದು ತೋರಿಸಿಕೊಳ್ಳಲು. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬ ಮಾತು ಅಂದು ಚೀಲದ ತೂಕದಿಂದಲೇ ಅರ್ಥವಾಯಿತು. ಉಳಿಗಳು ಈಗ ಮನೆಯಲ್ಲಿವೆ.

ಆದರೆ ನಾನು ಬರೆಯಹೊರಟದ್ದು ಉಳಿಗಳ ವಿಷಯವಲ್ಲ, ಕ್ಯಾಲಿಪರಿನ ವಿಷಯ.

ಚನ್ನಪಟ್ಟಣದ ಕೆಲಸವನ್ನು ನೋಡದವರಿಗಾಗಿ ಎರಡು ಮಾತು. ಆಲೆಮರದ ಒಣಗಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ಅದು ಗಿರ್ರನೆ ತಿರುಗುತ್ತಿರುವಾಗ ಉಳಿಯಿಂದ ಕಡೆದು ಆಕಾರ ತರುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಕೇದಗೆಯ ಜಾತಿಯ ಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಕುಂಚವಿಲ್ಲ, ಒಣಗಲು ಕಾಯುವುದಿಲ್ಲ. ಹತ್ತು ನಿಮಿಷಗಳಲ್ಲಿ ಒಂದು ಬುಗುರಿ ಸಿದ್ಧ.

ಅಂದು ನಾನು ಹೋದ ಕಾರ್ಖಾನೆಯಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬರು ಮಗುವಿನ ಗಿಲಕಿ ಕಡೆಯುತ್ತಿದ್ದರು. ಹಿಡಿಕೆಯ ಮೇಲೆ ಎರಡು ಬಳೆಗಳು ಸಡಿಲವಾಗಿ ತಿರುಗುತ್ತವೆ. ಎಲ್ಲಿಯೂ ಜೋಡಣೆಯಿಲ್ಲ, ಹಿಡಿಕೆಯೂ ಬಳೆಗಳೂ ಒಂದೇ ತುಂಡಿನಿಂದ ಬಂದವು. ಹಿಡಿಕೆ ಆರು ತಿಂಗಳ ಮಗುವಿನ ಮುಷ್ಟಿಗೆ ಸರಿಯಾಗುವಷ್ಟು ತೆಳು, ತುದಿಯ ಗುಂಡು ಅದರ ಬಾಯೊಳಗೆ ಹೋಗದಷ್ಟು ದಪ್ಪ. ಮನೆಯಲ್ಲಿ ನಾನು ಹಲವು ಬಾರಿ ಯತ್ನಿಸಿ ಸೋತಿದ್ದ ಆಕಾರ ಅದು. ಅವರು ಚಹಾಕ್ಕೆಂದು ಎದ್ದು ಹೋದರು. ನಾನು ಕ್ಯಾಲಿಪರ್ ತೆಗೆದು, ಗಿಲಕಿಯ ಏಳು ಕಡೆ ಅಳೆದು, ಪುಸ್ತಕದಲ್ಲಿ ಚಿತ್ರ ಬರೆದು ಅಂಕಿಗಳನ್ನು ಗುರುತು ಹಾಕಿಕೊಂಡೆ. ಅವರು ಬಂದಾಗ ಪುಸ್ತಕ ಇನ್ನೂ ತೆರೆದೇ ಇತ್ತು. ಒಂದು ಕ್ಷಣ ನೋಡಿ, "ಅಳತೆ ತಗೊಂಡ್ರಾ ಸಾರ್? ಕೇಳಿದ್ರೆ ನಾನೇ ಹೇಳ್ತಿದ್ನಲ್ಲ" ಎಂದರು. ಸಿಟ್ಟೇನೂ ಇರಲಿಲ್ಲ. ನನಗೂ ಒಂದು ಚಹಾ ತರಿಸಿದ್ದರು.

ಆ ಚಹಾ ಕುಡಿದದ್ದು ಕಷ್ಟದಿಂದಲೇ.

ನಾನು ಮಾಡಿದ್ದು ಕಳವೇ? ತತ್ತ್ವಾರ್ಥಸೂತ್ರದ ಲಕ್ಷಣದಂತೆ ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ: ಪರರು ಇಟ್ಟದ್ದು, ಬೀಳಿಸಿದ್ದು, ಮರೆತದ್ದು ಯಾವುದನ್ನೂ ಅವರು ಕೊಡದೆ ತೆಗೆದುಕೊಳ್ಳಬಾರದು. ನಾನು ಯಾವ ವಸ್ತುವನ್ನೂ ತೆಗೆದುಕೊಂಡಿರಲಿಲ್ಲವಲ್ಲ! ಗಿಲಕಿ ಅಲ್ಲೇ ಇತ್ತು. ಅದರ ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪಕ್ಕೆ ನಷ್ಟವೇನು? ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸು ಇಂಥ ವಾದಗಳನ್ನು ಹೂಡುತ್ತಲೇ ಇತ್ತು.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದೇ ಸೂತ್ರದ ಕೆಳಗೆ ಒಂದು ಸೊಗಸಾದ ಶಂಕೆಯನ್ನು ಎತ್ತುತ್ತಾರೆ. ಊರಲ್ಲಿ ಸಂಚರಿಸುವ ಭಿಕ್ಷುವು ಯಾರೂ ತನಗೆ ಕೊಡದ ಬೀದಿಯನ್ನೂ ಬಾಗಿಲನ್ನೂ ದಾಟಿ ನಡೆಯುತ್ತಾನಲ್ಲ, ಅದೂ ಅದತ್ತಾದಾನವಾಗಬೇಡವೆ? ಅವರ ಸಮಾಧಾನವೆಂದರೆ, ಬೀದಿ ಎಲ್ಲರಿಗೂ ಬಿಟ್ಟದ್ದು. ಮುಚ್ಚಿದ ಬಾಗಿಲನ್ನು ಆ ಭಿಕ್ಷು ಪ್ರವೇಶಿಸುವುದಿಲ್ಲ. ಅಲ್ಲದೆ ಪ್ರಮಾದದ ಯೋಗವಿಲ್ಲದ ಕಡೆ ಸ್ತೇಯವೂ ಇಲ್ಲ. ಈ ಎರಡು ಒರೆಗಲ್ಲುಗಳಿಗೆ ನನ್ನ ಕೃತ್ಯವನ್ನು ಉಜ್ಜಿ ನೋಡಿದೆ. ಅಂಗಡಿಯ ಸಾಲಿನಲ್ಲಿಟ್ಟ ಗಿಲಕಿಯನ್ನು ಕಣ್ಣಿಂದ ನೋಡುವುದು ಬೀದಿಯಲ್ಲಿ ನಡೆದಂತೆ. ಅದನ್ನು ಯಾರೂ ತಡೆಯರು. ಹಣ ಕೊಟ್ಟು ಮನೆಗೆ ತಂದು ಅಳೆದಿದ್ದರೂ ಅಷ್ಟು ದೋಷವಿಲ್ಲವೇನೋ. ಆದರೆ ಯಜಮಾನ ಎದ್ದು ಹೋಗುವುದನ್ನು ಕಾದು ಅಳೆದೆನಲ್ಲ! ಅವರ ಎದುರಿಗೆ ಅಳೆಯಲು ಕೈ ಬಂದಿರಲಿಲ್ಲ ಎಂದರೆ, ಬಾಗಿಲು ಮುಚ್ಚಿದೆ ಎಂಬುದು ನನ್ನ ಕೈಗೆ ತಿಳಿದಿತ್ತು. ಪ್ರಮಾದ ಇದ್ದದ್ದು ಅಲ್ಲಿಯೇ. ಕೇಳಿದ್ದರೆ ಅವರು ಕೊಡುತ್ತಿದ್ದರು ಎಂಬುದು ನನ್ನ ತಪ್ಪನ್ನು ಹಗುರ ಮಾಡುವುದಿಲ್ಲ. ಕೊಡುವ ಅವಕಾಶವನ್ನೇ ಅವರಿಂದ ಕಿತ್ತುಕೊಂಡೆನಲ್ಲ.

ಇದಕ್ಕೆ ಪ್ರತಿವಾದವೂ ಉಂಟು, ಅದನ್ನು ಮರೆಮಾಚಬಾರದು. ಕಸುಬು ಯಾವಾಗಲೂ ಕೈಯಿಂದ ಕೈಗೆ ಹರಿದೇ ಬದುಕಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪಾರಸಿಕ ಕುಶಲಕರ್ಮಿಗಳಿಂದ ಈ ವಿದ್ಯೆ ಇಲ್ಲಿಗೆ ಬಂತೆಂದು ಹೇಳುತ್ತಾರೆ; ಮುಂದೆ ಬಾವಾಸ್ ಮಿಯಾನ್ ಅವರು ಜಪಾನಿನ ಪದ್ಧತಿಗಳನ್ನು ಇಲ್ಲಿಗೆ ಅಳವಡಿಸಿದರೆಂದು ಆ ಊರು ಅವರನ್ನು ಕೃತಜ್ಞತೆಯಿಂದ ನೆನೆಯುತ್ತದೆ. ನಮ್ಮ ಪರಂಪರೆಯಲ್ಲಿಯೂ ಪ್ರತಿ ಮಾಡುವುದು ದೋಷವಾಗಿರಲಿಲ್ಲ, ಪುಣ್ಯವಾಗಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಾದರೆ ಗಿಲಕಿಯ ಪ್ರತಿ ಮಾಡುವುದೇಕೆ ತಪ್ಪು?

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಈಗ ನನಗೆ ತೋರುವುದಿಷ್ಟು. ಅತ್ತಿಮಬ್ಬೆ ಹಂಚಿದ ಸಾವಿರ ಓಲೆಯ ಕಟ್ಟುಗಳೂ ಪೊನ್ನನ ಹೆಸರನ್ನೇ ಸಾರಿದವು. ಪ್ರತಿ ಹೆಚ್ಚಿದಷ್ಟೂ ಕವಿಯ ಕೀರ್ತಿ ಹೆಚ್ಚಿತು, ಯಾರ ಅನ್ನವೂ ಕಡಿಮೆಯಾಗಲಿಲ್ಲ. ನಾನು ಕಡೆದ ಗಿಲಕಿಯನ್ನು ನೆಂಟರ ಮಗುವಿನ ನಾಮಕರಣಕ್ಕೆ ಕೊಟ್ಟಿದ್ದರೆ ಅಲ್ಲಿ ಕೇಳಿಬರುತ್ತಿದ್ದದ್ದು ನನ್ನ ಹೆಸರು. ಆ ಮನೆಯವರು ಕೊಳ್ಳಬಹುದಾಗಿದ್ದ ಒಂದು ಗಿಲಕಿಯೂ ಅಷ್ಟರಮಟ್ಟಿಗೆ ಚನ್ನಪಟ್ಟಣದಲ್ಲಿ ಉಳಿಯುತ್ತಿತ್ತು. ಒಂದು ಗಿಲಕಿ ಎಷ್ಟರದು ಎನ್ನಬಹುದು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಗಿ, ವಾಹನಗಳು ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಸಾಗತೊಡಗಿದ ಮೇಲೆ ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳ ವ್ಯಾಪಾರ ಎಷ್ಟು ಕುಗ್ಗಿತೆಂಬುದನ್ನು ಬಲ್ಲವರು ಹಾಗೆನ್ನಲಾರರು. ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೇನೋ ಇದೆ. ಆದರೆ ಅದು ಕಾಯುವುದು ಊರಿನ ಹೆಸರನ್ನು. ಹಿಡಿಕೆಯ ದಪ್ಪ ಎಷ್ಟಿರಬೇಕೆಂದು ವರ್ಷಗಟ್ಟಲೆ ತಿದ್ದಿ ಕಂಡುಕೊಂಡ ಮುದುಕನ ಶ್ರಮವನ್ನು ಅದು ಕಾಯದು.

ಇಲ್ಲಿ ನಮ್ಮ ಟ್ರಸ್ಟುಗಳಿಗೂ ಒಂದು ಮಾತು ಹೇಳಬೇಕು. ಪಂಚಕಲ್ಯಾಣ ಮಹೋತ್ಸವಗಳ ಸ್ಮರಣಿಕೆಗೆಂದು ಚನ್ನಪಟ್ಟಣದಿಂದ ಒಂದು ಮಾದರಿಯನ್ನು ತರಿಸಿ, ಅದನ್ನು ತೋರಿಸಿ ಬೇರೆಡೆ ಯಂತ್ರದಲ್ಲಿ ಅಗ್ಗಕ್ಕೆ ನೂರಾರು ಮಾಡಿಸುವ ಆಲೋಚನೆ ಯಾರ ತಲೆಗಾದರೂ ಬರಬಹುದು. ಲೆಕ್ಕಪತ್ರದಲ್ಲಿ ಅದು ಉಳಿತಾಯವೆಂದೇ ಕಾಣುತ್ತದೆ. ಆದರೆ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಅಸಲಿನ ಜಾಗದಲ್ಲಿ ನಕಲನ್ನು ನಡೆಸುವುದೆಂದು ಅದರ ಅರ್ಥ. ಚನ್ನಪಟ್ಟಣದ್ದೆಂದು ಜನ ತಿಳಿಯಲಿ ಎಂಬ ಇಂಗಿತದಿಂದ ಹಂಚಿದರೆ ಅದು ಬೇರೇನಾದೀತು?

ಅರಗಿನ ಪ್ರಶ್ನೆಯನ್ನು ಕೆಲವರು ಎತ್ತಬಹುದು. ಅರಗು ಕೀಟದಿಂದ ಬರುವ ವಸ್ತು. ಒಂದು ಕಿಲೋ ಅರಗಿನ ಹಿಂದೆ ಅಸಂಖ್ಯ ಜೀವಗಳಿವೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹೇಳುವ ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವೂ ಸೇರಿದೆ. ಅದನ್ನೇ ನಂಬಿ ಬದುಕುವವರನ್ನು ತೀರ್ಪಿಗೆ ಗುರಿಮಾಡುವ ಅಧಿಕಾರ ನನಗಿಲ್ಲ. ಹೊತ್ತು ಕಳೆಯಲು ಕಡೆಯುವ ನನಗೆ ಮಾತ್ರ ಅರಗು ಅನಿವಾರ್ಯವಲ್ಲ. ನನ್ನ ಬುಗುರಿಗಳು ಬಣ್ಣವಿಲ್ಲದೆ ಬರಿಯ ಮರವಾಗಿಯೇ ಇವೆ. ಮೊಮ್ಮಕ್ಕಳಿಗೆ ಅವು ಅಷ್ಟಾಗಿ ಹಿಡಿಸಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮುಖಗವಸಿನ ವಿಷಯ ಹೇಳಲು ನನಗೆ ಇನ್ನೂ ನಾಚಿಕೆಯಾಗುತ್ತದೆ. ಅಷ್ಟು ದಿನವೂ ಮರದ ಧೂಳಿಗೆ ಹೆದರಿ ನಾನು ಒಂದೇ ಒಂದನ್ನು ಒಯ್ದು, ಅಲ್ಲಿ ಗಂಟೆ ಹೊತ್ತು ಕುಳಿತು, ಅದನ್ನು ಧರಿಸಿಯೇ ಮಾತನಾಡುತ್ತಿದ್ದೆ. ದಿನಕ್ಕೆ ಎಂಟು ಗಂಟೆ ಅದೇ ಧೂಳಿನಲ್ಲಿ ಉಸಿರಾಡುವವರು ಎದುರಿಗಿದ್ದರು. ಈಗ ಚೀಲದಲ್ಲಿ ಹತ್ತು ಇರುತ್ತವೆ. ಅವನ್ನು ಎಲ್ಲರೂ ಹಾಕಿಕೊಳ್ಳುತ್ತಾರೆಂದೇನೂ ಅಲ್ಲ. ಸೆಕೆಯಾಗುತ್ತದೆಂದು ಕೆಲವರು ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಾರೆ.

ಗಿಲಕಿಯ ಅಳತೆ ಬರೆದಿದ್ದ ಹಾಳೆಯನ್ನು ಮುಂದಿನ ಭೇಟಿಯಲ್ಲಿ ಆ ಹಿರಿಯರ ಕೈಗೇ ಕೊಟ್ಟೆ. ಅವರು ನಕ್ಕು, ಕ್ಯಾಲಿಪರನ್ನು ಕೇಳಿ ಪಡೆದು, ತಾವೇ ಕಡೆದ ಮೂರು ಗಿಲಕಿಗಳನ್ನು ಅಳೆದು ನೋಡಿದರು. ಮೂರೂ ಕೂದಲೆಳೆಯಷ್ಟು ಬೇರೆ ಬೇರೆ. ಆಮೇಲೆ ಬಳೆಯನ್ನು ಹಿಡಿಕೆಯಿಂದ ಬಿಡಿಸುವಾಗ ಉಳಿಯನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂದು ನನ್ನ ಕೈ ಹಿಡಿದು ತೋರಿಸಿದರು. ಅದು ಯಾವ ಕ್ಯಾಲಿಪರಿಗೂ ಸಿಗುವಂಥದಲ್ಲ. ಅದೇ ಬೀದಿಯ ಇನ್ನೊಂದು ಕಾರ್ಖಾನೆಯಲ್ಲಿ, ತಾನಾಗಿ ಇಳಿಜಾರಿನಲ್ಲಿ ನಡೆದುಬರುವ ಮರದ ಬಾತುಕೋಳಿಯೊಂದನ್ನು ಕಂಡು, ಅಳೆಯಬಹುದೇ ಎಂದು ಅಲ್ಲಿಯ ತರುಣನನ್ನು ಕೇಳಿದೆ. ಆತ ಸ್ವಲ್ಪ ಯೋಚಿಸಿ, "ಬೇಡಿ ಸಾರ್" ಎಂದ. ಒಂದನ್ನು ಕೊಂಡು ತಂದೆ. ಅದು ನಮ್ಮ ಕಪಾಟಿನ ಮೇಲಿದೆ. ಅದರ ಕಾಲಿನ ಓರೆ ಎಷ್ಟೆಂದು ನಾನಿನ್ನೂ ಅಳೆದಿಲ್ಲ.