ಹುಳ ನೋಡಿದರೆ ಏನು ಬರುತ್ತೆ?

ಕನಕಪುರದ ಹತ್ತಿರದ ನಮ್ಮೂರಲ್ಲಿ ಹುಳ ಅಂದರೆ ರೇಷ್ಮೆ ಹುಳ. ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟಿದರೆ ರಾಮನಗರದ ಮಾರುಕಟ್ಟೆಯಲ್ಲಿ ಅದಕ್ಕೆ ರೇಟು. ನನ್ನ ಬಿಇ ಫೀಸು ಕಟ್ಟಿದ್ದೂ ಆ ಹುಳಗಳೇ. ಸೂರಿನಲ್ಲಿ ಗೂಡು ಕಟ್ಟುವ ಕಡಜಕ್ಕೆ ಮಾತ್ರ ಬೆಂಕಿಯ ಪಂಜು.

ಕಡಜ ನೋಡುತ್ತಲೇ ವೃತ್ತಿಜೀವನ ಕಟ್ಟಿಕೊಂಡ ವಿಜ್ಞಾನಿಯೊಬ್ಬರಿದ್ದಾರೆ: ರಾಘವೇಂದ್ರ ಗದಗ್ಕರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕಿಟಕಿಗಳಲ್ಲಿದ್ದ ಗೂಡುಗಳು ಓದುವಾಗಲೇ ಅವರ ಕಣ್ಣಿಗೆ ಬಿದ್ದಿದ್ದವು. 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್‌ಡಿ ಪಡೆದದ್ದು ಅಣು ಜೀವಶಾಸ್ತ್ರದಲ್ಲಿ. ಅತ್ತ ಭವಿಷ್ಯ ಇತ್ತು. ಅವರು ಹವ್ಯಾಸವಾಗಿದ್ದ ಕಡಜವನ್ನೇ ಕೆಲಸ ಮಾಡಿಕೊಂಡರು.

ಕೆಲಸ ಅಂದರೆ, ಪ್ರತಿ ಕಡಜಕ್ಕೂ ಬಣ್ಣದ ಚುಕ್ಕಿ ಇಟ್ಟು, ಗೂಡಿನ ಮುಂದೆ ಕೂತು, ಯಾರು ಏನು ಮಾಡಿದರು ಅಂತ ಬರೆದುಕೊಳ್ಳುವುದು. ಅವರ ‘ರೋಪಲಿಡಿಯಾ ಮಾರ್ಜಿನೇಟಾ’ ಕಡಜದಲ್ಲಿ ರಾಣಿ ನೋಡಲು ಬೇರೆಯವರಂತೆಯೇ, ಸ್ವಭಾವದಲ್ಲೂ ಸಾಧು. ರಾಣಿಯನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಒಂದು ಕೆಲಸಗಾತಿ ಸಿಡುಕಲು ಶುರುಮಾಡುತ್ತೆ. ರಾಣಿ ವಾಪಸ್ ಬಂದರೆ ತಣ್ಣಗಾಗುತ್ತೆ. ಬರದಿದ್ದರೆ ಒಂದು ವಾರದೊಳಗೆ ಅದೇ ಮೊಟ್ಟೆಯಿಟ್ಟು ರಾಣಿಯಾಗಿ, ತಾನೂ ಸಾಧುವಾಗುತ್ತೆ. ಆ ವಾರಸುದಾರಳು ಯಾರು ಅಂತ ಮೊದಲೇ ಹೇಳಲು ವಿಜ್ಞಾನಿಗಳಿಗೆ ಆಗಲಿಲ್ಲ. ಕಡಜಗಳಿಗೆ ಮಾತ್ರ ಗೊತ್ತಿರುವಂತಿದೆ. ಸರ್ವರ್ ಬಿದ್ದಾಗ ಯಾರ ಪಾಳಿ ಅಂತ ಕಿತ್ತಾಡುವ ನಮ್ಮ ಟೀಮ್ ನೆನಪಾಯ್ತು!

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ಕಡಜ ನೋಡ್ಕೊಂಡ್ ಕೂತ್ರೆ ಹೊಟ್ಟೆ ತುಂಬ್ತದೇನ್ಲಾ?’ ಅಂದರು.

ಹಳ್ಳಿಯವರಿಗೇನು ಗೊತ್ತು ಅಂತ ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಸಾಲ ಮಾಡಿ ಹುಳ ಸಾಕಿದವರು ಅವರು. ಸಂಶೋಧನೆಗೆ ಹೋಗುವ ಸರ್ಕಾರಿ ದುಡ್ಡಿನಲ್ಲಿ ಅಪ್ಪ ಕೊಳ್ಳುವ ಸೋಪಿನ ತೆರಿಗೆಯೂ ಇದೆ. ಗದಗ್ಕರ್ ಇದಕ್ಕೆ ಅರ್ಧ ಉತ್ತರವನ್ನಾದರೂ ಕೊಟ್ಟಿದ್ದಾರೆ: ಪುಡಿಗಾಸಿನಲ್ಲೂ ಒಳ್ಳೆಯ ವಿಜ್ಞಾನ ಸಾಧ್ಯ ಅಂತ ಮಾಡಿ ತೋರಿಸಿದ್ದಾರೆ, ಕಂಡದ್ದನ್ನು ಜನರಿಗಾಗಿ ಬರೆದಿದ್ದಾರೆ.

ನನ್ನ ಕಷ್ಟ ಬೇರೆ. ಆಫೀಸಿನ ಅಪ್ರೈಸಲ್ ಫಾರಂನಿಂದ ಹಿಡಿದು ಓದುವ ಪುಸ್ತಕದವರೆಗೆ ಎಲ್ಲಕ್ಕೂ ‘ಇದರಿಂದ ಏನು ಲಾಭ’ ಅಂತ ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅಪ್ಪನ ಬಾಯಲ್ಲಿ ಆ ಪ್ರಶ್ನೆಗೆ ಹಸಿವಿನ ನ್ಯಾಯ ಇತ್ತು. ಹೊಟ್ಟೆ ತುಂಬಿದ ನಾನು ಅದನ್ನೇ ಕೇಳಿದರೆ ಅದು ಬರೀ ಭಯ. ಅವರು ಅಷ್ಟು ದುಡಿದದ್ದು ನಾನೂ ಹೀಗೆ ಲೆಕ್ಕ ಹಾಕುತ್ತಲೇ ಬದುಕಲಿ ಅಂತಲಾ?

ಹೋದ ಸಲ ಊರಿಗೆ ಹೋದಾಗ ಸೂರಿನಲ್ಲಿ ಮತ್ತೆ ಗೂಡು. ‘ಅದ್ರಲ್ಲಿ ರಾಣಿ ಯಾವ್ದ್ಲಾ?’ ಅಂದರು ಅಪ್ಪ. ‘ಕೂತು ನೋಡ್ಬೇಕಪ್ಪ’ ಅಂದೆ. ಸಂಜೆ ಪಂಜು ಹಚ್ಚಿದರು, ನಿಜ. ಅದಕ್ಕೂ ಮುಂಚೆ ಇಬ್ಬರೂ ಹತ್ತು ನಿಮಿಷ ನೋಡಿದ್ದೆವು.