ಪರರ ಹಕ್ಕಿನ ಪಾಠ

ಪದವಿ ಮುಗಿಸಿದ ಮಕ್ಕಳು ಮುಂದೇನು ಓದಬೇಕೆಂಬ ಮಾತು ಮನೆಯಲ್ಲಿ ಎದ್ದಾಗ, ಒಬ್ಬರು ಮಾನವ ಹಕ್ಕುಗಳ ಸ್ನಾತಕೋತ್ತರ ಓದಿಗೆ ಸೇರುತ್ತೇನೆಂದರೆ ಹಿರಿಯರು ತುಸು ಹೊತ್ತು ಸುಮ್ಮನಿದ್ದು, 'ಅದನ್ನು ಓದಿದರೆ ಕೆಲಸ ಸಿಗುತ್ತದೇನಪ್ಪಾ?' ಎನ್ನುತ್ತಾರೆ. ಭದ್ರಾವತಿಯಂಥ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅದರ ನಂತರ ಬಂದ ಕಾಗದದ ಕಾರ್ಖಾನೆ, ಎರಡೂ ತಲೆಮಾರುಗಳ ಒಲೆ ಉರಿಸಿದವು. ಕಾಗದದ ಯಂತ್ರಗಳು ನಿಂತುಹೋದವು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು.

ಹಿರಿಯರ ಆ ಪ್ರಶ್ನೆಯಲ್ಲೇ ಈ ಓದಿನ ಒಂದು ಪಾಠ ಅಡಗಿದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿ ಕೆಲಸವನ್ನು ಮನುಷ್ಯನ ಹಕ್ಕೆನ್ನುತ್ತದೆ. ನಮ್ಮ ಸಂವಿಧಾನದ 41ನೇ ವಿಧಿಯೂ ಅದನ್ನು ಮರೆತಿಲ್ಲ. ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ, ನಿರ್ದೇಶಕ ತತ್ವವಾಗಿ ಮಾತ್ರ ಇರಿಸಿದೆ. ಒಂದೇ ಕುಲುಮೆಯ ಬಿಸಿಗೆ ಮೈಯೊಡ್ಡಿದ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆ ಎಂಬ ಭೇದ ಯಾವ ವಿಧಿಯಿಂದ ಹುಟ್ಟಿತೆಂದು ಆ ಊರಿನ ವಿದ್ಯಾರ್ಥಿ ಕೇಳಿದರೆ, ಪುಸ್ತಕ ಅಷ್ಟು ಸುಲಭವಾಗಿ ಉತ್ತರಿಸೀತೇ?

ಪ್ಯಾರಿಸಿನಲ್ಲಿ ಆ ಘೋಷಣೆಯಾಗಿ ಮೂರು ವರ್ಷ ತುಂಬುವ ಮೊದಲೇ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬುದೂ ಅಲ್ಲಿನ ಜಗಳಗಳಲ್ಲೊಂದು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅಳೆದವರ ಕ್ರೌರ್ಯವಲ್ಲ, ನೋಡುತ್ತಿದ್ದವರ ನೆಮ್ಮದಿ. ಕೊಳಗ ಅಂಗಳದಲ್ಲೇ ಇತ್ತು, ಎಲ್ಲರ ಕಣ್ಣೆದುರೇ ತುಂಬುತ್ತಿತ್ತು. 'ಮೊದಲಿನಿಂದ ನಡೆದುಬಂದದ್ದು' ಎಂಬ ಮಾತೊಂದಿದ್ದರೆ ಒಳ್ಳೆಯವರಿಗೂ ನಿದ್ದೆ ಬರುತ್ತಿತ್ತು. ತನ್ನ ಹಕ್ಕು ಕಳೆದುಹೋದದ್ದನ್ನು ಮನುಷ್ಯನಿಗೆ ನೋವೇ ಕಲಿಸಿಕೊಡುತ್ತದೆ. ಇನ್ನೊಬ್ಬರದು ಹೋದದ್ದು ತಿಳಿಯಬೇಕಾದರೆ ಓದಬೇಕು, ಕೇಳಬೇಕು, ಹೋಗಿ ನೋಡಬೇಕು.

ಆ ನೋಟ ನಮ್ಮ ಸುಖದ ಮೇಲೇ ಬಿದ್ದಾಗ ಓದು ಕಠಿಣವಾಗುತ್ತದೆ. ನಾಡಿಗೆ ಬೆಳಕು ಕೊಟ್ಟ ಶರಾವತಿ ಯೋಜನೆಗಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಮನೆ, ಗದ್ದೆ, ತೋಟ ಬಿಟ್ಟುಬಂದವರಲ್ಲಿ ಹಲವರ ಭೂಮಿಯ ಹಕ್ಕಿನ ಪ್ರಶ್ನೆ ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ. ವಿದ್ಯುತ್ತಿನ ಬೆಳಕಿನಲ್ಲಿ ಪಾಠ ಓದುವ ನಾವು ಅವರ ಋಣವನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕು? ಹಾಗೆಯೇ, ನಮ್ಮ ಬೀದಿಯಲ್ಲಿ ಕಳ್ಳನೊಬ್ಬ ಸಿಕ್ಕಿಬಿದ್ದರೆ 'ಸ್ಟೇಷನ್ನಿನಲ್ಲಿ ನಾಲ್ಕು ಬಿಡಲಿ' ಎನ್ನುವ ಬಾಯಿಗೆ, ಬಂಧನದ ಸುದ್ದಿ ಅವನ ಮನೆಯವರಿಗೆ ಮುಟ್ಟಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಆ ಗಳಿಗೆಯಲ್ಲಿ ನೆನಪಾಗುವುದೇ? ನಮಗೆ ಬೇಡವಾದವನಿಗೂ ಸಲ್ಲುವುದನ್ನೇ ತಾನೆ ಹಕ್ಕು ಎನ್ನುವುದು? ಪ್ರಿಯರಾದವರಿಗೆ ಮಾತ್ರ ಸಲ್ಲುವುದಾದರೆ ಅದು ಬರೀ ದಾಕ್ಷಿಣ್ಯ.

ಇಲ್ಲಿನ ಮಕ್ಕಳಿಗೆ ಸ್ನಾತಕೋತ್ತರ ಓದೆಂದರೆ ಮೊದಲು ನೆನಪಾಗುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟ. 1987ರಲ್ಲಿ ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯ, ಹುಟ್ಟುವ ಪ್ರತಿ ಮಗುವೂ ವಿಶ್ವಮಾನವನೆಂದ ಕುವೆಂಪು ಅವರ ಹೆಸರನ್ನು ಹೊತ್ತಿದೆ. ಅಂಥ ಹೆಸರಿನ ನೆರಳಿನಲ್ಲಾಗಲಿ, ಅಂಚೆ ಶಿಕ್ಷಣದಲ್ಲಾಗಲಿ ಹಕ್ಕುಗಳನ್ನು ಓದಿದವರೆಲ್ಲ ವಕೀಲರೋ ಹೋರಾಟಗಾರರೋ ಆಗುವುದಿಲ್ಲ. ಹೆಚ್ಚಿನವರು ತಾಲ್ಲೂಕು ಕಚೇರಿಗೆ, ಪೊಲೀಸ್ ಠಾಣೆಗೆ, ಶಾಲೆಗೆ, ಗುತ್ತಿಗೆದಾರರ ಲೆಕ್ಕದ ಮೇಜಿಗೆ ಹೋಗಿ ಕೂರುತ್ತಾರೆ. ಅದರಿಂದ ಓದು ದಂಡವಾಯಿತೆನ್ನಲಾಗದು. ಹಕ್ಕುಗಳು ಉಳಿಯುವುದೂ ಅಳಿಯುವುದೂ ಬಹುಪಾಲು ಆ ಮೇಜುಗಳ ಮುಂದೆಯೇ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ, ಘಟನೆ ನಡೆದು ಒಂದು ವರ್ಷ ಕಳೆದರೆ ಮಾನವ ಹಕ್ಕುಗಳ ಆಯೋಗ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಅರ್ಜಿ ಬರೆಯಲು ಬಾರದವರಿಗೆ, ಬರೆಯಬಹುದೆಂದೇ ಅರಿಯದವರಿಗೆ ಆ ಒಂದು ವರ್ಷ ಎಷ್ಟು ಬೇಗ ಮುಗಿದುಹೋಗುತ್ತದೆ! ಮೇಜಿನ ಎದುರು ನಿಂತವರಿಗೆ ಕಾಯ್ದೆಯ ಹೆಸರು ಗೊತ್ತಿರಬೇಕೆಂದೇನಿಲ್ಲ. ಕುಳಿತವರಿಗೆ ಗೊತ್ತಿರಬೇಕು, ನಿಂತವರು ಕೇಳುವ ಮೊದಲೇ ಅದನ್ನು ಹೇಳಿಬಿಡುವ ಮನಸ್ಸೂ ಇರಬೇಕು.